ಹಾಳೆಯ ಮುಟ್ಟಾಳೆ

1987ನೆಯ ಇಸವಿ. ಅಮರ ಸುಳ್ಯದ ರೈತರು ಬ್ರಿಟಿಷರ ವಿರುದ್ಧ ದಂಡೆತ್ತಿ ಹೋಗಿ 150 ವರ್ಷ ತುಂಬಿತ್ತು. ಸುಳ್ಯ ತಾಲೂಕಿನಲ್ಲಿ ಆಗ ನಾನಿದ್ದ ಶಾಲೆಯಲ್ಲಿ ಆ ಕಥೆಯನ್ನು ನಾಟಕವಾಗಿ ಆಡಿಸಿದೆವು. ಅಂದು ಬಣ್ಣ ಹಚ್ಚಿದವರಲ್ಲಿ ಕೆಲವರಾದರೂ ಇದನ್ನು ಓದುತ್ತಿರಬಹುದು.

1834ರಲ್ಲಿ ಕೊಡಗು ಕಂಪೆನಿಯ ವಶವಾದ ಮೇಲೆ ಅಮರ ಸುಳ್ಯ, ಪುತ್ತೂರು ಸೀಮೆಗಳು ಕೆನರಾ ಜಿಲ್ಲೆಗೆ ಸೇರಿದವು. ಧಾನ್ಯರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ಹಣದಲ್ಲಿ ತೆರಬೇಕಾಯಿತು. 1837ರ ಮಾರ್ಚ್ ಕೊನೆಯಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಮುಂದಾಳುತನದಲ್ಲಿ ಹೊರಟ ದಂಡು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು, ಏಪ್ರಿಲ್ 5ರಂದು ಮಂಗಳೂರನ್ನು ಸೇರಿತು.

ದೊರೆಗಳಿಗೆ ಕೆಂಪು ಕೋಟು, ನಾಯಕರಿಗೆ ರುಮಾಲು ಬಾಡಿಗೆಗೆ ದೊರೆತವು. ರೈತರಿಗೆ ಮೊಣಕಾಲಿನ ಮೇಲೆ ಕಟ್ಟಿದ ತುಂಡುಬಟ್ಟೆ, ಹೆಗಲಿಗೆ ಕಂಬಳಿ, ಸೊಂಟದಲ್ಲಿ ಕತ್ತಿ, ತಲೆಗೆ ಅಡಕೆ ಹಾಳೆಯ ಮುಟ್ಟಾಳೆ ಎಂದು ಗೊತ್ತುಮಾಡಿದೆ. ಕೂಲಿಕಾರರ ಮನೆಯ ಹುಡುಗನೊಬ್ಬನಿಗೆ ರೈತನ ಪಾತ್ರ ಕೊಟ್ಟೆ. ಅವನಿಗೆ ವೇಷದ ಖರ್ಚಿಲ್ಲವೆಂಬುದೇ ನನ್ನ ಲೆಕ್ಕಾಚಾರವಾಗಿತ್ತು.

ಅವನು ಮುಟ್ಟಾಳೆ ಇಡಲು ಒಪ್ಪಲಿಲ್ಲ. ಕಾರಣ ಕೇಳಿದೆ.

"ಬೇರೆಯವರಿಗೆ ಇದು ವೇಷ ಮಾಷ್ಟ್ರೇ. ನನ್ನ ಅಪ್ಪ ದಿನಾ ಇದನ್ನೇ ಇಟ್ಟುಕೊಂಡು ಕೆಲಸಕ್ಕೆ ಹೋಗುವುದು. ಎಲ್ಲರೂ ನಗಾಡುತ್ತಾರೆ."

ನನಗೆ ಉತ್ತರ ಹೊಳೆಯಲಿಲ್ಲ. ಅಂದು ಸಂಜೆ ಅವನ ಮನೆಗೆ ಹೋಗಿ, ಮಕ್ಕಳಿಗೆ ಮುಟ್ಟಾಳೆ ಮಾಡಲು ಕಲಿಸಬೇಕೆಂದು ತಂದೆಯನ್ನು ಕೇಳಿಕೊಂಡೆ. ಅವರು ಬಂದರು. ಕುರ್ಚಿ ಕೊಟ್ಟರೂ ಕುಳಿತುಕೊಳ್ಳದೆ ಜಗಲಿಯಲ್ಲಿ ಕುಳಿತರು. ನಾವೂ ಸುತ್ತಲೂ ನೆಲದ ಮೇಲೆಯೇ ಕುಳಿತೆವು. ಒಣಹಾಳೆಯನ್ನು ನೀರಿನಲ್ಲಿ ನೆನೆಸಿ, ಮೆತ್ತಗಾದ ಮೇಲೆ ಮಡಚಿ ಹೊಲಿಯುವುದನ್ನು ತೋರಿಸಿದರು. ನಾನು ಮಡಚಿದ ಹಾಳೆ ಎರಡು ಬಾರಿ ಸೀಳಿತು. ಮಕ್ಕಳು ನಕ್ಕದ್ದು ನನ್ನನ್ನು ನೋಡಿ. ನಾಟಕದ ದಿನ ಆ ಹುಡುಗ ತಂದೆಯ ಬೆವರಿನಿಂದ ಕಪ್ಪಾದ ಮುಟ್ಟಾಳೆಯನ್ನೇ ಕೇಳಿ ತಂದು ಧರಿಸಿದ.

ಇಂಗ್ಲೆಂಡಿನ ಸಟನ್ ಹೂ ಎಂಬಲ್ಲಿ 1939ರಲ್ಲಿ ಆಂಗ್ಲೋ-ಸ್ಯಾಕ್ಸನ್ ಕಾಲದ ಸಮಾಧಿಯೊಂದನ್ನು ಅಗೆದಾಗ ಕಬ್ಬಿಣದ ಶಿರಸ್ತ್ರಾಣವು ನೂರಾರು ಚೂರುಗಳಾಗಿ ದೊರೆಯಿತು. ಆ ಚೂರುಗಳನ್ನು ಜೋಡಿಸಿ, ಅದರಂತೆಯೇ ಹೊಸದನ್ನೂ ಮಾಡಿದ್ದಾರೆ. ನಮ್ಮ ರೈತನ ಹಾಳೆ ಮಣ್ಣಿಗೆ ಬಿದ್ದರೆ ಕೆಲವೇ ಮಳೆಗಾಲಗಳಲ್ಲಿ ಕರಗಿಹೋಗುತ್ತದೆ. ಅದನ್ನು ಉಳಿಸಿಕೊಂಡು ಬಂದದ್ದು ಅಂತಹ ತಂದೆಯರ ಕೈಗಳು.

ಈಗ ಸಭೆಗಳಲ್ಲಿ ಗಣ್ಯರಿಗೆ ಮುಟ್ಟಾಳೆ ತೊಡಿಸಿ ಗೌರವಿಸುವುದುಂಟು. ಚಪ್ಪಾಳೆ ಕೇಳಿದಾಗಲೆಲ್ಲ ನಾನು ಹಾಕಿದ್ದ ಖರ್ಚಿನ ಲೆಕ್ಕ ನೆನಪಾಗಿ ತಲೆ ತಗ್ಗುತ್ತದೆ.