ಸೋತ ಮೈದಾನಕ್ಕೆ ಮತ್ತೊಮ್ಮೆ

ಕಳೆದ ಮಳೆಗಾಲದ ಒಂದು ಶನಿವಾರ. ಜಿಟಿಜಿಟಿ ಮಳೆ ಹಿಡಿದಿದ್ದರಿಂದ ಆಟದ ಪಿರಿಯಡ್ ಹೊರಗೆ ನಡೆಯುವಂತಿರಲಿಲ್ಲ. ಒಂಬತ್ತನೆಯ ತರಗತಿಯ ಮಕ್ಕಳನ್ನು ಸುಮ್ಮನೆ ಕೂಡಿಸುವುದಕ್ಕಿಂತ ಏನಾದರೂ ಕೇಳೋಣವೆಂದು ಕರಿಹಲಗೆಯ ಮೇಲೆ ಒಂದು ಪ್ರಶ್ನೆ ಬರೆದೆ: “ಟೆಸ್ಟ್ ಪಂದ್ಯದಲ್ಲಿ ಭಾರತದ ಪರವಾಗಿ ಮೊಟ್ಟಮೊದಲು ದ್ವಿಶತಕ ಬಾರಿಸಿದವರು ಯಾರು?”

ಗಾವಸ್ಕರ್ ಎಂದರು, ತೆಂಡೂಲ್ಕರ್ ಎಂದರು, ಕೊಹ್ಲಿ ಎಂದವರೂ ಇದ್ದರು. ನಾನು ‘ಪಾಲಿ ಉಮ್ರಿಗರ್’ ಎಂದು ಬರೆದೆ. ಯಾರ ಮುಖದಲ್ಲಿಯೂ ಗುರುತು ಕಾಣಲಿಲ್ಲ. ಅದರ ಕೆಳಗೆ ‘ಹುಟ್ಟಿದ ಊರು: ಸೊಲ್ಲಾಪುರ’ ಎಂದು ಬರೆದಾಗ ಮಾತ್ರ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ.

“ಸರ್, ನಮ್ಮ ಸೊಲ್ಲಾಪುರೇನ್ರಿ?”

ಹೌದು, ನಮ್ಮ ಸೊಲ್ಲಾಪುರವೇ. ಅಕ್ಕಲಕೋಟದ ಮಕ್ಕಳು ಎಸ್.ಟಿ. ಬಸ್ಸು ಹತ್ತಿ ಚಾದರು ಕೊಳ್ಳಲಿಕ್ಕೆ, ಸಿದ್ಧರಾಮೇಶ್ವರನ ಗಡ್ಡೆಯ ಜಾತ್ರೆ ನೋಡಲಿಕ್ಕೆ ಹೋಗುವ ಊರು. ಪಹಲನ್ ರತನ್‌ಜಿ ಉಮ್ರಿಗರ್ ಅವರು 1926ರ ಮಾರ್ಚ್ 28ರಂದು ಅಲ್ಲಿ ಒಂದು ಪಾರಸಿ ಮನೆತನದಲ್ಲಿ ಹುಟ್ಟಿದರು. ಹುಡುಗನಾಗಿದ್ದಾಗಲೇ ಮನೆಯವರೊಂದಿಗೆ ಮುಂಬಯಿ ಸೇರಿದರು. 1948ರಲ್ಲಿ ವಿಶ್ವವಿದ್ಯಾಲಯಗಳ ಕೂಡು ತಂಡದ ಪರವಾಗಿ ಆಡಿ ವೆಸ್ಟ್ ಇಂಡೀಸಿನವರ ವಿರುದ್ಧ ಶತಕ ಹೊಡೆದದ್ದೇ ಅವರಿಗೆ ಟೆಸ್ಟ್ ತಂಡದ ಬಾಗಿಲು ತೆರೆಯಿತು. ಅಲ್ಲಿಂದ ಮುಂದೆ ಹದಿಮೂರು-ಹದಿನಾಲ್ಕು ವರ್ಷ ಅವರ ಬದುಕೆಲ್ಲ ತಿರುಗಾಟವೇ. ಇಂಗ್ಲೆಂಡಿನ ಚಳಿ, ವೆಸ್ಟ್ ಇಂಡೀಸಿನ ಬಿಸಿಲು, ಪಾಕಿಸ್ತಾನದ ಮೈದಾನಗಳು. ದೇಶದೊಳಗೆ ಒಮ್ಮೆ ಮುಂಬಯಿ ತಂಡ, ಒಮ್ಮೆ ಗುಜರಾತ್ ತಂಡ.

ಅವರ ಶತಕಗಳ ಪಟ್ಟಿ ಯಾವ ಪುಸ್ತಕದಲ್ಲಿಯಾದರೂ ಸಿಕ್ಕೀತು. ಆ ದಿನ ನಾನು ಮಕ್ಕಳಿಗೆ ಹೇಳಿದ್ದು ಅವರ ಸೋಲಿನ ಕಥೆಯನ್ನು.

1952ರ ಫೆಬ್ರವರಿಯಲ್ಲಿ ಮದರಾಸಿನಲ್ಲಿ ಭಾರತ ತನ್ನ ಮೊಟ್ಟಮೊದಲ ಟೆಸ್ಟ್ ವಿಜಯವನ್ನು ಕಂಡಿತು. ಎದುರಾಳಿ ಇಂಗ್ಲೆಂಡ್. ಆ ಪಂದ್ಯದಲ್ಲಿ ಉಮ್ರಿಗರ್ ಔಟಾಗದೆ 130 ಓಟ ಗಳಿಸಿದ್ದರು. ಅದೇ ವರ್ಷದ ಬೇಸಿಗೆಯಲ್ಲಿ ತಂಡ ಇಂಗ್ಲೆಂಡಿಗೆ ಹೋಯಿತು. ಅಲ್ಲಿ ಫ್ರೆಡ್ ಟ್ರೂಮನ್ ಎಂಬ ಹೊಸ ವೇಗದ ಬೌಲರ್ ಕಾಯ್ದಿದ್ದ. ನಾಲ್ಕು ಟೆಸ್ಟುಗಳಲ್ಲಿ ಏಳು ಸಲ ಆಡಲಿಳಿದ ಉಮ್ರಿಗರ್ ಗಳಿಸಿದ್ದು ಒಟ್ಟು 43 ಓಟ. ಸರಾಸರಿ ಒಂದು ಸಲಕ್ಕೆ ಆರು! ಮ್ಯಾಂಚೆಸ್ಟರಿನಲ್ಲಂತೂ ಇಡೀ ಭಾರತ ತಂಡ ಒಂದೇ ದಿನದಲ್ಲಿ ಎರಡು ಸಲ ಔಟಾಯಿತು. ವಿಚಿತ್ರವೆಂದರೆ, ಅದೇ ಪ್ರವಾಸದಲ್ಲಿ ಕೌಂಟಿ ಮೊದಲಾದ ತಂಡಗಳ ವಿರುದ್ಧ ಇದೇ ಉಮ್ರಿಗರ್ ರಾಶಿ ರಾಶಿ ಓಟ ಹೊಡೆದಿದ್ದರು. ವಿದ್ಯೆ ಕೈಯಲ್ಲಿತ್ತು. ದೊಡ್ಡ ಪಂದ್ಯದಲ್ಲಿ, ವೇಗದ ಚೆಂಡಿನ ಮುಂದೆ, ಕಾಲು ನಿಲ್ಲಲಿಲ್ಲ.

ಮುಂದೇನಾಯಿತು? ಅವರನ್ನು ಯಾರೂ ಮನೆಗೆ ಕಳಿಸಲಿಲ್ಲ. ಅದೇ ವರ್ಷದ ಚಳಿಗಾಲದಲ್ಲಿ ಪಾಕಿಸ್ತಾನದ ವಿರುದ್ಧ ಆಡಿಸಿದರು. ಮುಂಬಯಿಯಲ್ಲಿ ಶತಕ ಬಂದಿತು. 1953ರಲ್ಲಿ ವೆಸ್ಟ್ ಇಂಡೀಸಿಗೆ ಕರೆದೊಯ್ದರು. ಐದು ಟೆಸ್ಟುಗಳಲ್ಲಿ 560 ಓಟ ಬಂದವು. 1955ರಲ್ಲಿ ಹೈದರಾಬಾದಿನಲ್ಲಿ ನ್ಯೂಜಿಲೆಂಡ್ ವಿರುದ್ಧ 223, ಅಂದರೆ ನಾನು ಹಲಗೆಯ ಮೇಲೆ ಕೇಳಿದ ಪ್ರಶ್ನೆಯ ಉತ್ತರ. 1959ರಲ್ಲಿ ಅವರು ಮತ್ತೆ ಇಂಗ್ಲೆಂಡಿಗೆ ಹೋದರು. ಏಳು ವರ್ಷಗಳ ಹಿಂದೆ ಮಾನ ಹೋದ ಅದೇ ಮ್ಯಾಂಚೆಸ್ಟರಿನಲ್ಲಿ 118 ಓಟ ಹೊಡೆದರು. ಪಂದ್ಯವನ್ನು ಭಾರತ ಸೋತಿತು, ನಿಜ. ಆದರೆ ಆ ಮೈದಾನದ ಬಾಕಿಯನ್ನು ಉಮ್ರಿಗರ್ ತೀರಿಸಿದ್ದರು.

ಕೊನೆಯದು 1962ರದು. ಪೋರ್ಟ್ ಆಫ್ ಸ್ಪೇನಿನಲ್ಲಿ ವೆಸ್ಟ್ ಇಂಡೀಸಿನ ವೆಸ್ ಹಾಲ್ ಎಂಬ ಭಾರಿ ವೇಗದ ಬೌಲರ್ ಎದುರಿಗಿದ್ದ. ಉಮ್ರಿಗರ್ ಅವರಿಗೆ ಆಗ ಮೂವತ್ತಾರು ವರ್ಷ. ಮೊದಲ ಸಲ 56, ಎರಡನೆಯ ಸಲ ಔಟಾಗದೆ 172, ಜೊತೆಗೆ ಐದು ವಿಕೆಟ್ ಬೇರೆ. ‘ವೇಗದ ಚೆಂಡಿಗೆ ಅಂಜುವವ’ ಎನ್ನಿಸಿಕೊಂಡ ಮನುಷ್ಯ ಆ ಮಾತಿಗೆ ಹೀಗೆ ಉತ್ತರ ಕೊಟ್ಟ. ಅದೇ ವರ್ಷ ಅವರು ಟೆಸ್ಟ್ ಆಟ ಬಿಟ್ಟಾಗ 59 ಪಂದ್ಯ, 3,631 ಓಟ, 12 ಶತಕ. ಮೂರರಲ್ಲಿಯೂ ಆಗ ಭಾರತೀಯರಲ್ಲಿ ಅವರೇ ಮೊದಲಿಗರು.

ಇಷ್ಟು ಹೇಳಿ ನಾನು ಸುಮ್ಮನಾದೆ. ಗಂಟೆ ಬಾರಿಸಿತು, ಮಕ್ಕಳು ಹೋದರು. ಆದರೆ ನನ್ನ ಮನಸ್ಸಿನಲ್ಲಿ ಬೇರೊಂದು ಕಥೆ ಎದ್ದು ಕುಳಿತಿತ್ತು.

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಜಾಣ ಹುಡುಗಿಯೊಬ್ಬಳು ಹತ್ತನೆಯ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದು ಸೊಲ್ಲಾಪುರದಲ್ಲಿ ಹನ್ನೊಂದನೆಯ ತರಗತಿಗೆ, ವಿಜ್ಞಾನ ಶಾಖೆಗೆ ಸೇರಿದಳು. ಮೂರೇ ವಾರಕ್ಕೆ ಪೆಟ್ಟಿಗೆ ಸಮೇತ ತಿರುಗಿ ಬಂದಳು. ಪಾಠವೆಲ್ಲ ಇಂಗ್ಲಿಷಿನಲ್ಲಿ, ಗೆಳತಿಯರ ಮಾತೆಲ್ಲ ಮರಾಠಿಯಲ್ಲಿ. “ಸರ್, ಅಲ್ಲಿ ಏನ್ ಹೇಳ್ತಾರ ಒಂದೂ ತಿಳಿಯಂಗಿಲ್ರಿ. ಎದ್ದು ನಿಂತರ ಎಲ್ಲಾರೂ ನಗ್ತಾರ್ರಿ” ಎಂದು ಅತ್ತಳು. ಅವಳ ತಂದೆ ಹೊಲದ ಕೆಲಸ ಬಿಟ್ಟು ನನ್ನ ಹತ್ತಿರ ಬಂದು, “ಏನ್ ಮಾಡೂದ್ರಿ ಗುರುಗಳ?” ಎಂದು ಕೇಳಿದರು.

ನಾನು ಏನು ಹೇಳಬೇಕಾಗಿತ್ತು? ನಾನೂ ಏಳನೆಯವರೆಗೆ ಕನ್ನಡದಲ್ಲಿ ಓದಿ, ಮುಂದೆ ಮರಾಠಿ ಶಾಲೆ ಸೇರಿದವನು. ಮೊದಲ ತಿಂಗಳುಗಳಲ್ಲಿ ಹಾಜರಿ ಕೂಗಿದಾಗ ಬಾಯಿಂದ ದನಿ ಹೊರಡುತ್ತಿರಲಿಲ್ಲ. ದೀಪಾವಳಿಯ ಹೊತ್ತಿಗೆ ಹೊರಟಿತು. ಇದು ಗೊತ್ತಿದ್ದೂ ನಾನು ಅಂದು, “ಹೋಗ್ಲಿ ಬಿಡ್ರಿ ಯಜಮಾನ್ರ, ಮಗಳ ಮನಸ್ಸಿಗೆ ತ್ರಾಸ ಕೊಡಬ್ಯಾಡ್ರಿ” ಎಂದುಬಿಟ್ಟೆ. ದಯೆ ತೋರಿಸಿದೆ ಎಂದುಕೊಂಡಿದ್ದೆ. ಅವಳ ಓದು ಅಲ್ಲಿಗೆ ನಿಂತಿತು. ಎರಡು ವರ್ಷದಲ್ಲಿ ಮದುವೆಯಾಯಿತು. ಮುಂದೊಮ್ಮೆ ಜಾತ್ರೆಯಲ್ಲಿ ಕಂಕುಳಲ್ಲಿ ಕೂಸು ಎತ್ತಿಕೊಂಡು ಸಿಕ್ಕಳು. ನಗುನಗುತ್ತಲೇ ಮಾತಾಡಿಸಿದಳು. ಹೊರಡುವಾಗ ಮಾತ್ರ, “ಸರ್, ಅವತ್ತ ನೀವು ಇನ್ನೊಂದ್ ಸಲ ಹೋಗವಾ ಅಂದಿದ್ರ ನಾ ಹೋಗ್ತಿದ್ನಿರಿ” ಎಂದಳು.

ಆ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಉಮ್ರಿಗರ್ ಅವರ ಕಥೆಯಲ್ಲಿ ನಾವು ಆಟಗಾರನ ಧೈರ್ಯವನ್ನಷ್ಟೇ ನೋಡುತ್ತೇವೆ. 43 ಓಟದ ಆ ಬೇಸಿಗೆಯ ನಂತರ ಅವರ ಹೆಸರನ್ನು ಮತ್ತೆ ಪಟ್ಟಿಯಲ್ಲಿ ಬರೆದ ಕೈಗಳನ್ನು ನೆನೆಯುವುದಿಲ್ಲ. ಸೋತವನಿಗೆ ಎರಡನೆಯ ಅವಕಾಶ ಕೊಟ್ಟವರಿದ್ದರೆಂದೇ ಅವನ ಧೈರ್ಯ ಫಲಕ್ಕೆ ಬಂದಿತು. ಮಕ್ಕಳ ಪಾಲಿಗೆ ಆ ಆಯ್ಕೆಗಾರರು ನಾವು, ತಾಯಿ-ತಂದೆಗಳು ಮತ್ತು ಶಿಕ್ಷಕರು.

ಹೋದ ವರ್ಷ ಇಂಥದೇ ಇನ್ನೊಂದು ಪ್ರಸಂಗ ಬಂದಿತು. ಹುಡುಗನೊಬ್ಬ ಸೊಲ್ಲಾಪುರದಿಂದ ಹದಿನೈದು ದಿನಕ್ಕೇ ಓಡಿಬಂದ. ಈ ಸಲ ನಾನು ಬುದ್ಧಿವಾದ ಹೇಳಲಿಲ್ಲ. ಊಟಕ್ಕೆ ಕೂಡಿಸಿಕೊಂಡು 1952ರ ಕಥೆ ಹೇಳಿದೆ. “ಸೋಮವಾರ ಮತ್ತ ಹೋಗಪಾ, ನಾನೂ ಬರ್ತೀನಿ” ಎಂದೆ. ಬೆಳಗಿನ ಬಸ್ಸಿಗೆ ಇಬ್ಬರೂ ಹೋದೆವು. ಕಾಲೇಜಿನ ಬಾಗಿಲವರೆಗೆ ಬಿಟ್ಟು ಬಂದೆ. ಮೊದಲ ಪರೀಕ್ಷೆಯಲ್ಲಿ ಅವನು ಎರಡು ವಿಷಯಗಳಲ್ಲಿ ಫೇಲಾದ. ಎರಡನೆಯದರಲ್ಲಿ ಒಂದರಲ್ಲಿ. ಈಗ ಹನ್ನೆರಡನೆಯ ತರಗತಿಯಲ್ಲಿದ್ದಾನೆ. ಶತಕ ಹೊಡೆಯುವನೋ ಇಲ್ಲವೋ, ಆಟದಲ್ಲಂತೂ ಇದ್ದಾನೆ.

ಉಮ್ರಿಗರ್ ಅವರು 2006ರಲ್ಲಿ ಮುಂಬಯಿಯಲ್ಲಿ ತೀರಿಕೊಂಡರು. ವರ್ಷದ ಶ್ರೇಷ್ಠ ಆಟಗಾರನಿಗೆ ಭಾರತದ ಕ್ರಿಕೆಟ್ ಮಂಡಳಿ ಕೊಡುವ ಪ್ರಶಸ್ತಿಗೆ ಅವರದೇ ಹೆಸರು. ತೆಂಡೂಲ್ಕರ್, ಕೊಹ್ಲಿ, ಬುಮ್ರಾ ಎಲ್ಲರೂ ಸೊಲ್ಲಾಪುರದಲ್ಲಿ ಹುಟ್ಟಿದ ಈ ಹಿರಿಯನ ಹೆಸರಿನ ಪ್ರಶಸ್ತಿ ಪಡೆದವರೇ.

ವಿದ್ಯಾರ್ಥಿ ಮಿತ್ರರೇ, ಬರುವ ಜೂನಿನಲ್ಲಿ ನಿಮ್ಮಲ್ಲಿ ಕೆಲವರು ಸೊಲ್ಲಾಪುರಕ್ಕೆ, ಕೆಲವರು ಕಲಬುರಗಿಗೆ, ಪುಣೆಗೆ ಹೋಗುವಿರಿ. ಅಂಜಿ ತಿರುಗಿ ಬಂದರೆ ಬನ್ನಿ, ನಾಚಿಕೆ ಬೇಡ. ನಮ್ಮ ಶಾಲೆಯ ಬಾಗಿಲು ತೆರೆದೇ ಇರುತ್ತದೆ. ಒಂದು ದಿನ ಇದ್ದು, ಉಂಡು, ಸೋಮವಾರದ ಬಸ್ಸಿಗೆ ಮತ್ತೆ ಹೋಗೋಣ.