ಎಲ್ಲಿಗೂ ಸೇರದ ರಬ್ಬರ್ ಕೊಳವೆ

ಸಕಲೇಶಪುರದ ಹತ್ತಿರ ರಸ್ತೆ ಪಕ್ಕದಲ್ಲಿ ನಮ್ಮಪ್ಪನದೊಂದು ಗ್ಯಾರೇಜಿದೆ. ಗ್ಯಾರೇಜು ಅಂದರೆ ಮೇಲೆ ಶೀಟು, ಮೂರು ಕಡೆ ಗೋಡೆ, ಎಣ್ಣೆ ಕುಡಿದು ಕಪ್ಪಾದ ನೆಲ. ಬರುವುದೆಲ್ಲ ಎಸ್ಟೇಟ್ ಜೀಪು, ಪಿಕಪ್ಪು, ಹಳೇ ಓಮ್ನಿ. ಇಂಥ ಜಾಗಕ್ಕೆ ಒಂದು ಜನವರಿಯಲ್ಲಿ ಜೀಪಿನ ಹಿಂದೆ ಹಗ್ಗ ಕಟ್ಟಿಸಿಕೊಂಡು ಒಂದು ಎಂಜಿಬಿ ಬಂತು.

ಎಂಜಿಬಿ ಅಂದರೆ ಎರಡೇ ಸೀಟಿನ, ಬಟ್ಟೆ ಟಾಪಿನ ಇಂಗ್ಲಿಷ್ ಸ್ಪೋರ್ಟ್ಸ್ ಕಾರು. ಇಂಗ್ಲೆಂಡಿನ ಅಬಿಂಗ್ಡನ್ ಅನ್ನೋ ಊರಲ್ಲಿ 1962ರಿಂದ 1980ರವರೆಗೆ ತಯಾರಾಯಿತು. ಐದು ಲಕ್ಷಕ್ಕೂ ಹೆಚ್ಚು ಮಾಡಿದರು, ಬಹುಪಾಲು ಅಮೆರಿಕಕ್ಕೆ ಹೋದವು. ಇವತ್ತು ನಮ್ಮ ರಸ್ತೆಗಳಲ್ಲಿ ಎಂಜಿ ಅಂತ ಬರೆದುಕೊಂಡು ಓಡಾಡುವ ಎತ್ತರದ ಗಾಡಿಗಳಿಗೂ ಇದಕ್ಕೂ ಹೆಸರು ಬಿಟ್ಟರೆ ಹೆಚ್ಚಿನ ನೆಂಟಸ್ತಿಕೆ ಇಲ್ಲ.

ಈ ಕಾರು ಗೌಡ್ರ ತಂದೆಯವರ ಕಾಲದ್ದು. ಬೆಂಗಳೂರಲ್ಲಿದ್ದ ಯಾರೋ ವಿದೇಶದವರು ವಾಪಸ್ ಹೋಗುವಾಗ ಕೊಂಡದ್ದಂತೆ. ಆಮೇಲೆ ಕಾಫಿ ಗೋದಾಮಿನ ಮೂಲೆಯಲ್ಲಿ ಇಪ್ಪತ್ತು ವರ್ಷ ನಿಂತಿತ್ತು. ಮೇ ತಿಂಗಳಲ್ಲಿ ಮಗಳ ಮದುವೆ, ಅಷ್ಟರಲ್ಲಿ ಅದು ಓಡಬೇಕು ಅನ್ನೋದು ಗೌಡ್ರ ಆಸೆ.

ನಾನು ಆಗ ಪತ್ರಿಕೋದ್ಯಮ ಕೋರ್ಸ್ ಮುಗಿಸಿ, ಮೂರು ಕಡೆ ಇಂಟರ್‌ವ್ಯೂ ಕೊಟ್ಟು, ಫೋನ್ ಬರುತ್ತೆ ಅಂತ ಕಾಯುತ್ತ ಮನೆಯಲ್ಲಿದ್ದೆ. "ಸುಮ್ನೆ ಕೂರೋ ಬದ್ಲು ಸ್ಪ್ಯಾನರ್ ಕೊಡು ಬಾ" ಅಂದರು ಅಪ್ಪ. ಹೋದೆ.

ಕಾರಿನ ನೆಲದ ತಗಡು ತುಕ್ಕು ಹಿಡಿದು ಹಪ್ಪಳದ ಹಾಗಾಗಿತ್ತು. ಜೀಪಿನಲ್ಲಿ ಚಾಸಿ ಬೇರೆ, ಬಾಡಿ ಬೇರೆ. ನೆಲ ತೂತಾದರೂ ಗಾಡಿ ಓಡುತ್ತೆ. ಎಂಜಿಬಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ತಲೆ ಮೇಲೆ ಗಟ್ಟಿ ಟಾಪು ಇಲ್ಲದ್ದರಿಂದ ಭಾರ ತಡೆಯೋದು ನೆಲ ಮತ್ತು ಬಾಗಿಲ ಕೆಳಗಿನ ಪೆಟ್ಟಿಗೆಯಂಥ ತಗಡು, ಅದಕ್ಕೆ ಸಿಲ್ ಅಂತಾರೆ. ಅದು ಕೊಳೆತರೆ ಕಾರು ನಡುವೆ ಬಾಗುತ್ತೆ, ಬಾಗಿಲು ಮುಚ್ಚೋಕಾಗಲ್ಲ. ಅಪ್ಪ ಎರಡೂ ಕಡೆ ಕೊಳೆತದ್ದನ್ನೆಲ್ಲ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿದರು. ಈ ಕಾರಿನ ಕ್ಲಚ್ ಪ್ಲೇಟ್ ಬದಲಿಸಬೇಕಾದರೆ ಎಂಜಿನ್ನನ್ನೇ ಹೊರಗೆ ತೆಗೀಬೇಕು. ಅದನ್ನೂ ಮಾಡಿದರು. ಎಂಜಿನ್ ಹೊರಗಿದ್ದ ಆ ಒಂದು ವಾರ, ಎಂಜಿನ್ನಿಗೂ ಒಳಗಿನ ಸೀಟಿಗೂ ನಡುವೆ ಇರೋ ಗೋಡೆಯನ್ನು ತೊಳೆದು, ವೈರು ಹೋಗುವ ತೂತುಗಳಿಗೆಲ್ಲ ಹೊಸ ರಬ್ಬರ್ ಹಾಕಿ, ಸಂದುಗಳಿಗೆ ಸೀಲೆಂಟ್ ಬಳಿಯೋ ಕೆಲಸ ನನ್ನದು.

ಮದುವೆಗೆ ಕಾರು ಓಡಿತು. ಹೂವು ಕಟ್ಟಿಸಿಕೊಂಡು, ಮದುಮಕ್ಕಳನ್ನು ಕೂರಿಸಿಕೊಂಡು ಛತ್ರದಿಂದ ಮನೆವರೆಗೆ ಹೋಯಿತು. ಗೌಡ್ರು ಅರ್ಧ ದುಡ್ಡು ಕೊಟ್ಟರು. ಉಳಿದದ್ದು 22 ಸಾವಿರ, ಮಳೆಗಾಲ ಕಳೆದ ಮೇಲೆ ಅಂದರು.

ಜೂನ್ ಬಂತು. ನಮ್ಮ ಕಡೆ ಮಳೆ ಹೇಗಿರುತ್ತೆ ಅಂತ ಹೇಳಬೇಕಾಗಿಲ್ಲ. ಮೂರನೇ ವಾರಕ್ಕೆ ಗೌಡ್ರ ಫೋನು. "ಮೇಸ್ತ್ರಿ, ಒಳಗೆ ಕೆರೆ ಆಗಿದೆ ಬಂದು ನೋಡು."

ಹೋಗಿ ನೋಡಿದರೆ ಎಡಗಡೆ ಕಾಲಿಡುವ ಜಾಗದಲ್ಲಿ ಎರಡು ಬೆರಳು ನೀರು. ಬಲಗಡೆ ಮ್ಯಾಟ್ ಒತ್ತಿದರೆ ಪಿಚಕ್ ಅಂತ ನೀರು ಮೇಲೆ ಬರುತ್ತೆ. ಕಾರು ಓಡಿಸಿಯೇ ಇರಲಿಲ್ಲ, ಅಂಗಳದಲ್ಲಿ ನಿಂತಿತ್ತು ಅಷ್ಟೆ. ಮ್ಯಾಟ್ ಎತ್ತಿದಾಗ ಅಪ್ಪ ಮಾಡಿದ ಹೊಸ ವೆಲ್ಡಿಂಗ್ ಉದ್ದಕ್ಕೂ ಅರಿಸಿನದ ಬಣ್ಣದ ಗೆರೆ ಎದ್ದಿತ್ತು. ಹೊಸ ತಗಡಿಗೆ ತುಕ್ಕು ಶುರು.

ಎಲ್ಲರ ಕಣ್ಣೂ ಹೋಗೋದು ಮುಂದಿನ ಗಾಜಿನ ಕಡೆಗೆ. ನಮ್ಮದೂ ಹೋಯಿತು. ಗಾಜಿನ ಕೆಳಗಿನ ಬೀಡಿಂಗ್ ಗಟ್ಟಿಯಾಗಿ ಸೀಳು ಬಿಟ್ಟಿತ್ತು. ಬೆಂಗಳೂರಿನ ಒಬ್ಬರ ಮೂಲಕ ಇಂಗ್ಲೆಂಡಿನಿಂದ ತರಿಸಿದೆವು. ಬರೋಕೆ ತಿಂಗಳು. ಹಾಕೋಕೆ ಎರಡು ದಿನ. ಫ್ರೇಮ್ ಸಮೇತ ಗಾಜು ಎತ್ತಿ, ರಬ್ಬರ್ ಕೂರಿಸಿ, ಮತ್ತೆ ಬೋಲ್ಟ್ ಸೇರಿಸೋಷ್ಟರಲ್ಲಿ ಅಪ್ಪನ ಬೆರಳಿನ ಚರ್ಮ ಕಿತ್ತುಬಂದಿತ್ತು. ಆ ರಾತ್ರಿ ಜೋರು ಮಳೆ. ಬೆಳಗ್ಗೆ ಮತ್ತೆ ಅದೇ ಕೆರೆ.

ಗೌಡ್ರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ಇರ್ಲಿ ಬಿಡು ಮೇಸ್ತ್ರಿ, ಇದು ಜೀಪಲ್ಲ. ಬೆಂಗಳೂರಿಗೆ ಕಳಿಸ್ತೀನಿ" ಅಂದರು ಅಷ್ಟೆ. ಅಪ್ಪ ಮನೆಗೆ ಬಂದು ಊಟ ಮಾಡದೆ ಮಲಗಿದರು. ದುಡ್ಡಿನ ಮಾತು ಆಮೇಲೆ. ಮೂವತ್ತು ವರ್ಷದಲ್ಲಿ ಯಾರೂ ಅಪ್ಪನ ಕೈಯಿಂದ ಗಾಡಿ ತೆಗೆದು ಬೇರೆಯವರಿಗೆ ಕೊಟ್ಟಿರಲಿಲ್ಲ.

ಮಾರನೇ ದಿನ ಅಪ್ಪ ಗೌಡ್ರ ಹತ್ತಿರ ಒಂದು ವಾರ ಕೇಳಿಕೊಂಡು ಬಂದರು.

ಈ ಸಲ ಯಾವುದನ್ನೂ ಊಹಿಸಲಿಲ್ಲ. ಮೊದಲು ಒಳಗಿನ ಸೀಟು, ಮ್ಯಾಟು, ಅದರ ಕೆಳಗಿನ ಫೆಲ್ಟು ಎಲ್ಲ ಹೊರಗೆ. ಆ ಫೆಲ್ಟು ನೀರು ಕುಡಿದು ತಿಂಗಳಾನುಗಟ್ಟಲೆ ಹಿಡಿದಿಟ್ಟುಕೊಳ್ಳುತ್ತೆ. ಹಳೇ ನೀರು, ಹೊಸ ನೀರು ಯಾವುದು ಅಂತ ಗೊತ್ತಾಗೋದೇ ಇಲ್ಲ. ಬಿಸಿಲೆಲ್ಲಿಂದ ತರೋದು? ಬಚ್ಚಲೊಲೆ ಹತ್ತಿರ ಹರಡಿ ಮೂರು ದಿನ ಒಣಗಿಸಿದೆವು. ಅಮ್ಮ ಬೈದದ್ದು ಬೇರೆ ಕತೆ.

ಆಮೇಲೆ ಇದು ಮಳೆ ನೀರೋ ಎಂಜಿನ್ ನೀರೋ ಅಂತ ನೋಡಬೇಕು. ತಂಪು ದೇಶದ ಕಾರು, ಹೀಟರ್ ಇದೆ. ಎಂಜಿನ್ನಿನ ಬಿಸಿ ನೀರು ಕೊಳವೆಯಲ್ಲಿ ಹೀಟರ್ ಪೆಟ್ಟಿಗೆಗೆ ಬರುತ್ತೆ. ಅಲ್ಲಿ ಸೋರಿದರೂ ಕಾಲಡಿಯೇ ನೀರು. ಕೂಲೆಂಟ್ ಆದರೆ ಬೆರಳಿಗೆ ಜಾರುತ್ತೆ, ಸಿಹಿ ವಾಸನೆ, ಬಣ್ಣ ಇರುತ್ತೆ. ಮೂಸಿ ನೋಡಿ ಸಾಕು, ನಾಲಿಗೆಗೆ ಹಚ್ಚಬೇಡಿ, ಅದು ವಿಷ. ನಮ್ಮದು ಬರೀ ಮಳೆ ನೀರು.

ಹೆಂಚಿನ ಮನೆಯಲ್ಲಿ ಬೆಳೆದವರಿಗೆ ಮುಂದಿನದು ಅರ್ಥವಾಗುತ್ತೆ. ನೀರು ತೊಟ್ಟಿಕ್ಕೋದು ನಡುಮನೆಯಲ್ಲಿ, ಹೆಂಚು ಒಡೆದಿರೋದು ಮೇಲೆ ಎಲ್ಲೋ. ನಡುವೆ ರೀಪಿನ ಮೇಲೆ, ಪಕಾಸಿನ ಕೆಳಗೆ ನಾಲ್ಕು ಮಾರು ಹರಿದು ಬಂದಿರುತ್ತೆ. ಕಾರಿನಲ್ಲೂ ಹಾಗೇ. ಡ್ಯಾಶ್‌ಬೋರ್ಡ್ ಹಿಂದೆ ವೈರಿನ ಮೇಲೆ ಇಳಿದು, ಎಲ್ಲೋ ಬಾಗಿದ ಕಡೆ ತೊಟ್ಟಿಕ್ಕುತ್ತೆ. ಬಿದ್ದ ಜಾಗ ನೋಡಿ ಬಂದ ಜಾಗ ಹೇಳೋಕಾಗಲ್ಲ.

ರಾತ್ರಿ ನಾನು ಕಾರಿನೊಳಗೆ ಕತ್ತಲಲ್ಲಿ ಕೂತೆ. ಅಪ್ಪ ಹೊರಗಿನಿಂದ ಬಾಗಿಲ ಸಂದು, ಟಾಪಿನ ಅಂಚಿನ ಉದ್ದಕ್ಕೂ ಟಾರ್ಚ್ ಬಿಟ್ಟರು. ಬೆಳಕು ಒಳಗೆ ಬಂದ ಕಡೆ ಚಾಕ್‌ಪೀಸಿನಿಂದ ಗುರುತು. ಎಡಬಾಗಿಲ ಮೇಲಿನ ಮೂಲೆಯಲ್ಲಿ ಒಂದು ಸಿಕ್ಕಿತು. ಬೀಡಿಂಗ್ ಒತ್ತುತ್ತಿದೆಯಾ ಅಂತ ನೋಡೋಕೆ ಹತ್ತು ರೂಪಾಯಿ ನೋಟು ಬಾಗಿಲಲ್ಲಿ ಸಿಕ್ಕಿಸಿ ಮುಚ್ಚಿ ಎಳೆದೆವು. ಬಿಗಿಯಾಗಿ ಬಂದರೆ ಸರಿ, ಸಲೀಸಾಗಿ ಬಂದರೆ ಅಲ್ಲಿ ರಬ್ಬರ್ ಕೂತಿಲ್ಲ. ಅದನ್ನು ಸರಿ ಮಾಡಿದೆವು. ಆದರೆ ಆ ಸಂದಿನಿಂದ ಎರಡು ಬೆರಳು ನೀರು ಬರೋಕೆ ಸಾಧ್ಯವಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಬೆಳಗ್ಗೆ ಪೈಪು ಹಿಡಿದೆವು. ಪ್ರೆಶರ್ ವಾಷರ್ ಅಲ್ಲ, ಅದು ಮಳೆ ಹೋಗದ ಕಡೆಗೂ ನೀರು ನುಗ್ಗಿಸುತ್ತೆ. ತೋಟದ ಪೈಪು, ಸಣ್ಣಗೆ. ಒಳಗಿನ ನೆಲಕ್ಕೆ ಹಳೇ ಪೇಪರ್ ಹಾಸಿದೆ. ಪತ್ರಿಕೋದ್ಯಮ ಓದಿದವನಿಗೆ ಪೇಪರಿನಿಂದ ಆದ ಮೊದಲ ಉಪಯೋಗ ಇದು. ಗೋಡೆಗೆ, ಡ್ಯಾಶ್‌ಬೋರ್ಡ್ ಕೆಳಗಿನ ತಗಡಿಗೆ ಅಮ್ಮನ ಪೌಡರ್ ಡಬ್ಬ ಉದುರಿಸಿದೆವು. ನೀರು ಇಳಿದ ಕಡೆ ಗೆರೆ ಬೀಳುತ್ತೆ. ಕೆಳಗಿನಿಂದ ಮೇಲಕ್ಕೆ ಬರಬೇಕು. ಮೊದಲೇ ಟಾಪಿನ ಮೇಲೆ ಹೊಯ್ದರೆ ನೀರು ಎಲ್ಲ ಕಡೆ ಇಳಿದು ಏನೂ ತಿಳಿಯಲ್ಲ. ಚಕ್ರದ ಗೂಡಿಗೆ ಹತ್ತು ನಿಮಿಷ, ಏನಿಲ್ಲ. ಬಾಗಿಲಿಗೆ ಹತ್ತು ನಿಮಿಷ. ಬಾಗಿಲ ಗಾಜಿನ ಪಕ್ಕದಿಂದ ನೀರು ಬಾಗಿಲೊಳಗೆ ಇಳಿದು ಕೆಳಗಿನ ಸಣ್ಣ ತೂತಿನಿಂದ ಆಚೆ ಬಂತು.

"ನೋಡು," ಅಂದರು ಅಪ್ಪ, "ಬಾಗಿಲೊಳಗೆ ನೀರು ಬರ್ಲಿ ಅಂತಾನೇ ಮಾಡವ್ರೆ. ಬಂದದ್ದು ಹೋಗ್ಲಿ ಅಂತ ತೂತು ಬಿಟ್ಟವ್ರೆ." ಹೇಳಿ ಒಂದು ಗಳಿಗೆ ಸುಮ್ಮನಾದರು. ಆಮೇಲೆ ಬಾನೆಟ್ಟಿಗೂ ಗಾಜಿಗೂ ನಡುವೆ ಇರೋ ಜಾಲರಿಯನ್ನು ನೋಡಿದರು.

ಆ ಜಾಲರಿಯಿಂದ ಹೀಟರಿಗೆ ಹೊರಗಿನ ಗಾಳಿ ಹೋಗುತ್ತೆ. ಗಾಳಿ ಹೋಗೋ ಕಡೆ ಮಳೆಯೂ ಹೋಗುತ್ತೆ. ಇಂಗ್ಲೆಂಡಿನಲ್ಲೂ ಮಳೆ ಬರುತ್ತಲ್ಲ, ಅವರಿಗೆ ಗೊತ್ತಿಲ್ಲದ್ದೇನಲ್ಲ. ಜಾಲರಿ ಕೆಳಗೆ ತಗಡಿನ ತೊಟ್ಟಿ ಇದೆ, ಅದರ ತಳದಿಂದ ನೀರು ಹೊರಗೆ ಹೋಗೋಕೆ ದಾರಿ ಇರಲೇಬೇಕು.

ಅಪ್ಪ ಒಂದು ಚೊಂಬು ನೀರು ಜಾಲರಿಗೆ ನಿಧಾನ ಹೊಯ್ದರು. "ಕೆಳಗೆ ಬಗ್ಗಿ ನೋಡು, ಎಲ್ಲಿ ಬತ್ತದೆ ಹೇಳು."

ನೆಲಕ್ಕೆ ಕೆನ್ನೆ ಇಟ್ಟು ನೋಡಿದೆ. ಒಂದು ಹನಿಯೂ ಬರಲಿಲ್ಲ. ಎರಡನೇ ಚೊಂಬು. ಇಲ್ಲ. ಮೂರನೆಯದು. ಇಲ್ಲ. ನಾಲ್ಕನೆಯದು ಹೊಯ್ಯುವಾಗ ಕಾರಿನೊಳಗೆ ಪೇಪರಿನ ಮೇಲೆ ಟಪ್ ಟಪ್ ಅಂತ ಸದ್ದಾಯಿತು. ಪೌಡರಿನ ಮೇಲೆ ಹೆಬ್ಬೆರಳಿನಷ್ಟು ಅಗಲದ ಗೆರೆ ಇಳಿಯುತ್ತಿತ್ತು.

ಕೆಳಗೆ ಮಲಗಿದ್ದ ಹಾಗೇ ನನಗೆ ಎದೆ ಧಸಕ್ ಅಂತು. ಯಾಕೆಂದರೆ ಆ ದಾರಿ ಯಾವುದು ಅಂತ ನನಗೆ ಗೊತ್ತಾಯಿತು.

ಫೆಬ್ರವರಿಯಲ್ಲಿ ಎಂಜಿನ್ ಹೊರಗಿದ್ದಾಗ, ಆ ಗೋಡೆ ತೊಳೆಯುತ್ತಿದ್ದಾಗ, ಗೇರ್‌ಬಾಕ್ಸ್ ಕಡೆಗೆ ಒಂದು ರಬ್ಬರ್ ಕೊಳವೆ ಸುಮ್ಮನೆ ಜೋತು ಬಿದ್ದಿತ್ತು. ಎಲ್ಲಿಗೂ ಸೇರಿರಲಿಲ್ಲ. ಯಾವುದೋ ಕಾಲದಲ್ಲಿ ಕಳಚಿಹೋದದ್ದು ಇರಬೇಕು ಅಂದುಕೊಂಡೆ. ಅದರಿಂದ ಒಳಗೆ ಧೂಳು, ನೀರು ಹೋಗದಿರಲಿ ಅಂತ ತುದಿ ಮಡಚಿ ಬೈಂಡಿಂಗ್ ವೈರಿನಿಂದ ಬಿಗಿಯಾಗಿ ಕಟ್ಟಿದ್ದೆ. ಅಪ್ಪನನ್ನು ಕೇಳಿರಲಿಲ್ಲ. ಒಳ್ಳೆ ಕೆಲಸ ಮಾಡಿದೆ ಅಂತಲೇ ಇತ್ತು. ಆಮೇಲೆ ಎಂಜಿನ್ ಕೂತಿತು, ಕೊಳವೆ ಮರೆಯಾಯಿತು, ನಾನೂ ಮರೆತೆ.

ಕೈ ತೂರಿಸಿ ಹುಡುಕಿದೆ. ವೈರು ಸಿಕ್ಕಿತು. ಇಕ್ಕಳದಿಂದ ಕತ್ತರಿಸಿದ ಕೂಡಲೇ ಕಪ್ಪು ನೀರು, ಕೊಳೆತ ಎಲೆ, ಯಾವುದೋ ಹುಳದ ಗೂಡು ಎಲ್ಲ ನನ್ನ ಮುಖದ ಮೇಲೆ ಬಂತು. ಒರೆಸಿಕೊಂಡು ಎದ್ದೆ. ವೈರಿನ ತುಂಡು ಕೈಯಲ್ಲೇ ಇತ್ತು. ಅಪ್ಪ ಅದನ್ನು ತಗೊಂಡು ನೋಡಿದರು. ನಮ್ಮ ಗ್ಯಾರೇಜಿನ ಗೂಟಕ್ಕೆ ನೇತು ಹಾಕಿರೋ ಸುರುಳಿಯದೇ. ಮೂರು ಸುತ್ತು ಸುತ್ತಿ ತುದಿ ಒಳಗೆ ಮಡಚೋದು ಅಪ್ಪನೇ ನನಗೆ ಕಲಿಸಿದ ಕಟ್ಟು.

"ನೀನಾ?"

"ಹೂಂ."

ಬಯ್ಯಲಿಲ್ಲ. ವೈರನ್ನು ಜೇಬಿಗೆ ಹಾಕಿಕೊಂಡು ಬೀಡಿ ಹಚ್ಚಿದರು. ನನಗೆ ಆಗ ಬಂದ ಯೋಚನೆ ಹೇಳಿಬಿಡುತ್ತೇನೆ. ಎಲೆ ಕಟ್ಟಿಕೊಂಡಿತ್ತು ಅಂತ ಹೇಳಿದರೆ ಯಾರಿಗೂ ಗೊತ್ತಾಗೋದಿಲ್ಲ. ಎಲೆಯೂ ಇತ್ತಲ್ಲ, ಪೂರ್ತಿ ಸುಳ್ಳೂ ಅಲ್ಲ. ಅಪ್ಪನ ಮುಖ ನೋಡಿದರೆ ಅವರಿಗೂ ಅದೇ ಬಂದಿತ್ತು ಅನಿಸಿತು. ಬೀಡಿ ಮುಗಿದ ಮೇಲೆ "ಗೌಡ್ರಿಗೆ ನೀನೇ ಹೇಳ್ತೀಯೋ, ನಾನು ಹೇಳ್ಲೋ?" ಅಂದರು.

ನಾನೇ ಹೋದೆ. ಗೌಡ್ರು ಜಗಲಿಯಲ್ಲಿ ಕೂತು ಕೇಳಿದರು. ಪೂರ್ತಿ ಕೇಳಿ, "ಹಂಗಾದ್ರೆ ಆ ಇಂಗ್ಲೆಂಡ್ ರಬ್ಬರ್‌ಗೆ ನಾನ್ಯಾಕಯ್ಯ ದುಡ್ಡು ಕೊಟ್ಟೆ?" ಅಂದರು. ಉತ್ತರ ಇರಲಿಲ್ಲ. ಹಳೇ ಬೀಡಿಂಗ್ ಸೀಳಿತ್ತು ಅಂತ ಹೇಳಬಹುದಿತ್ತು, ಹೇಳಲಿಲ್ಲ. ಒಳಗಿನಿಂದ ಕಾಫಿ ಬಂತು. ಕುಡಿದು ಬಂದೆ.

ತುಕ್ಕು ಉಜ್ಜಿ, ಪ್ರೈಮರ್ ಹೊಡೆದು, ಮತ್ತೆ ಬಣ್ಣ ಹಚ್ಚಿದ್ದಕ್ಕೆ ಅಪ್ಪ ಕೂಲಿ ಹಾಕಲಿಲ್ಲ. ಬಾಕಿ 22 ಸಾವಿರದಲ್ಲಿ ರಬ್ಬರಿನ ದುಡ್ಡು ಕಳೆದುಕೊಂಡು ಉಳಿದದ್ದನ್ನು ಗೌಡ್ರು ದೀಪಾವಳಿಗೆ ಕೊಟ್ಟರು. ಕಾರು ಬೆಂಗಳೂರಿಗೆ ಹೋಗಲಿಲ್ಲ.

ನನಗೆ ಆಮೇಲೆ ಕೆಲಸ ಸಿಕ್ಕಿತು, ಈಗ ಹಾಸನದಲ್ಲಿದ್ದೇನೆ. ಪ್ರತಿ ವರ್ಷ ಮೇ ಕೊನೆಗೆ ಅಪ್ಪನ ಫೋನ್ ಬರುತ್ತೆ. "ಭಾನುವಾರ ಬಾ, ಗೌಡ್ರ ಗಾಡಿ ಕೊಳವೆ ನೋಡ್ಬೇಕು." ಅವರಿಗೆ ಬಗ್ಗೋಕೆ ಈಗ ಸೊಂಟ ನೋವು. ನಾನು ಹೋಗಿ ಕೆಳಗೆ ಮಲಗಿ ಕೊಳವೆಯ ತುದಿ ಹಿಸುಕುತ್ತೇನೆ, ಅಪ್ಪ ಮೇಲಿನಿಂದ ಚೊಂಬಿನಲ್ಲಿ ನೀರು ಹೊಯ್ಯುತ್ತಾರೆ. ಈ ವರ್ಷ ಒಂದು ಹಿಡಿ ಸಿಲ್ವರ್ ಓಕ್ ಎಲೆ ಬಂತು.