ಆವರಣ ಹಾಕದ ಮೈನಸ್

ಕಿರುಪರೀಕ್ಷೆಯಲ್ಲಿ ಪಾಸಾಗಲು ನನಗೆ 2 ಅಂಕ ಸಾಲಲಿಲ್ಲ. ಬೇಸಿಕ್ ಮ್ಯಾಥ್ಸ್ ಬಿಟ್ಟುಬಿಡೋಣ ಎಂದುಕೊಳ್ಳುತ್ತಲೇ ಕೋರಮಂಡಲ್‌ನಲ್ಲಿ ರೈಲಿಳಿದು ಮನೆಗೆ ನಡೆದೆ. ತಪ್ಪಿದ ಲೆಕ್ಕ ಇದು: ಎಕ್ಸ್ ವರ್ಗದಲ್ಲಿ 1 ಕಳೆದು, ಉಳಿದದ್ದನ್ನು ಎಕ್ಸ್‌ಗೆ 5 ಕೂಡಿಸಿದ ಸಂಖ್ಯೆಯಿಂದ ಭಾಗಿಸಬೇಕು. ಎಕ್ಸ್ ಬೆಲೆ −3.

ನಾನು −3² ಎಂದು ಬರೆದು −9 ಮಾಡಿದ್ದೆ. 1 ಕಳೆದರೆ −10, ಛೇದ 2, ಉತ್ತರ −5. ಮನೆಯಲ್ಲಿ ಫೋನಿನ ಕ್ಯಾಲ್ಕುಲೇಟರ್‌ನಲ್ಲಿ −3² ಒತ್ತಿದೆ, ಅದೂ −9 ಅಂದಿತು! (ಪಾಪ, ಅದಕ್ಕೆ ನಾನು ಒತ್ತಿದಷ್ಟೇ ಗೊತ್ತು.) ಮೇಡಂ ತಪ್ಪಾಗಿ ತಿದ್ದಿದ್ದಾರೆ ಎಂದು ಅಮ್ಮಿಗೆ ಹೇಳಿಯೂ ಬಿಟ್ಟೆ.

ರಾತ್ರಿ ದಾದಾ ಪಕ್ಕ ಕೂತು ಮತ್ತೆ ಬರೆದೆ: (−3)². ಎಕ್ಸ್ ಅಂದರೆ ಬರೀ 3 ಅಲ್ಲ, ಮೈನಸ್ಸೂ ಸೇರಿ ವರ್ಗವಾಗಬೇಕು. 9ರಲ್ಲಿ 1 ಹೋದರೆ 8, 2ರಿಂದ ಭಾಗಿಸಿದರೆ 4. ಗಣಿ 2001ರಲ್ಲಿ ಮುಚ್ಚುವವರೆಗೂ ಒಳಗೆ ದುಡಿದ ದಾದಾಗೆ ಬೀಜಗಣಿತ ಬರದು. ಆವರಣ ತೋರಿಸಿದಾಗ, “ಬಾಗಿಲು ಹಾಕದೆ ನಮ್ಮ ಕೇಜ್ ಕೆಳಗಿಳಿದದ್ದೇ ಇಲ್ಲ ಬೇಟಿ” ಎಂದು ನಕ್ಕರು.

ಆಮೇಲೆ ಕುತೂಹಲಕ್ಕೆ −5 ಹಾಕಿ ನೋಡಿದೆ. ಮೇಲೆ 24, ಕೆಳಗೆ 0. ಅಲ್ಲಿ ಬೆಲೆಯೇ ಇಲ್ಲ.

ಬೆಳಿಗ್ಗೆ ಮೇಡಂಗೆ ಎರಡೂ ತೋರಿಸಿದೆ. ಅಂಕ ಸಿಗಲಿಲ್ಲ. ಮರುಪರೀಕ್ಷೆಗೆ ಹೆಸರು ಬರೆಸಿ ಬಂದೆ.